ದೇವರ ಮನಿ ಬಾಗಲಾ ಮತ್ತ ಮಳಿಗಾಲ

ಆಷಾಢ ಬಂತಂದ್ರ ರಾಯಬಾಗದಾಗ ನಮ್ಮ ದೇವರ ಮನಿ ಬಾಗಲಾ ಹಾಕಾಕ ಬರೂದಿಲ್ಲ. ಅತ್ತಿಯವರ ಕಾಲದ ಸಾಗವಾನಿ ಅದು. ಹ್ವಾದ ವರ್ಷ ಬಡಿಗ್ಯಾರನ್ನ ಕರಸಿ ಅಂಚಿಗೆ ರಂಧಾ ಹೊಡಿಸಿದೆ. ಚೈತ್ರದಾಗ ನೋಡಿದ್ರ ಹಲ್ಲಿ ತೂರಿ ಬರುವಷ್ಟು ಸಂದಿ! ತಪ್ಪು ಅವರದಲ್ಲ, ಮಳಿಯಾಗ ಕರಸಿದ ನಂದು.

"ಕಟ್ಟಿಗಿ ನೀರು ಕುಡದೈತಿ" ಅಂತೀವಲ್ಲ, ಎಲ್ಲಿ ಕುಡೀತೈತಿ ಅಂತ ತೂಕ ಹಾಕಿ ನೋಡಿದವರ ಕತಿ ಹೇಳ್ತೀನಿ, ಕೇಳ್ರಿ.

1906ರಾಗ ಅಮೇರಿಕಾದ ಅರಣ್ಯ ಇಲಾಖೆಯ ಟೀಮನ್ ಅನ್ನವರು ಹಸಿ ಕಟ್ಟಿಗಿ ಒಣಗಿಸ್ತಾ ಅದರ ಬಲ ಪರೀಕ್ಷಾ ಮಾಡಿದ್ರು. ಮೊದಲು ತೂಕ ಅಷ್ಟ ಇಳೀತು, ಬಲ ಹಂಗ ಇತ್ತು. 100 ಗ್ರಾಂ ಒಣ ಕಟ್ಟಿಗಿಗೆ ಸುಮಾರು 30 ಗ್ರಾಂ ನೀರು ಉಳಿದ ಮ್ಯಾಲ ಗಟ್ಟಿ ಆಗಾಕ ಹತ್ತಿತು. ಕೊಳವಿಯೊಳಗ ತುಂಬಿದ ನೀರು ಬ್ಯಾರೆ, ಕೊಳವಿಯ ಗ್ವಾಡಿಯೊಳಗ ಹೊಕ್ಕ ನೀರು ಬ್ಯಾರೆ. ಬಾಗಲಾ ಉಬ್ಬಿಸೂದು ಈ ಎರಡನೇದು.

1938ರಾಗ ಬ್ರುನೌರ್, ಎಮೆಟ್, ಟೆಲ್ಲರ್ ಅನ್ನೂ ಮೂವರು ಒಂದು ಲೆಕ್ಕ ಕೊಟ್ರು. ಒಂದು ಕೈ ಸಾರಿಸಾಕ ಎಷ್ಟು ಸಗಣಿ ಹತ್ತಿತು ಅಂತ ಗೊತ್ತಾದ್ರ ಅಂಗಳ ಎಷ್ಟು ದೊಡ್ಡದು ಅಂತ ನಾವು ಹೇಳೂದಿಲ್ಲೇನು? ಹಂಗ, ಮೊದಲನೇ ಪದರಿಗೆ ಎಷ್ಟು ಅನಿಲ ಅಂಟಿತು ಅನ್ನೂದರಿಂದ ಒಳಗಿನ ಮೈ ಅಳೀಬಹುದು. (ಅದ ವರ್ಷ ಮೈಸೂರು ಸಂಸ್ಥಾನದವರು ಬೆಂಗಳೂರಾಗ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆಗದ್ರು. ಈಗ ಅದು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ.)

ಒಣ ಕಟ್ಟಿಗಿಯನ್ನ ಸಾರಜನಕದಿಂದ ಅಳದ್ರ ಗ್ರಾಂಗೆ ಒಂದೆರಡು ಚದರ ಮೀಟರ್ ಅಷ್ಟ ಸಿಗತೈತಿ. ನೀರಿನ ಹಬಿಯಿಂದ ಅಳದ್ರ ಸುಮಾರು 200! ಒಂದು ಚಿಟಿಕಿ ಹೊಟ್ಟಿನೊಳಗ 30-40ರ ಎರಡು ಸೈಟಿನಷ್ಟು ಜಾಗಾ. ಒಣಗಿದಾಗ ಎಳಿಗೆ ಎಳಿ ಅಂಟಿ ಕದಾ ಮುಚ್ಚಿರತಾವ, ಸಾರಜನಕಕ್ಕ ಒಳಗ ದಾರಿ ಇಲ್ಲ. ನೀರು ಮಾತ್ರ ಎಳಿ ಸರಿಸಿಕೋತ ಹೊಕ್ಕತೈತಿ. ಹಂಗಾದ್ರ ನೀರು ಬರೂಕಿಂತ ಮೊದಲ ಆ ಜಾಗಾ ಇತ್ತಂತ ಹೇಳೂದು ಹೆಂಗ? ನನಗಂತೂ 200 ಅನ್ನೂದು ಕಟ್ಟಿಗಿಯ ಅಳತಿ ಅಷ್ಟ ಅಲ್ಲ, ನೀರೂ ಕಟ್ಟಿಗಿನೂ ಕೂಡಿದಾಗಿನ ಅಳತಿ ಅನಸತೈತಿ.

ಅಳಿಯೂದೂ ನಮ್ಮ ಅಡಗಿ ಮನಿಯಂಥಾದ್ದ. ಮುಚ್ಚಿದ ಬರಣಿಯಾಗ ಕರಗದ ಉಪ್ಪು ತಳದಾಗ ಉಳಿಯೂವಷ್ಟು ಉಪ್ಪಿನ ನೀರು ಇಟ್ರ ಗಾಳಿಯ ತೇವಾಂಶ ಸುಮಾರು ಶೇಕಡಾ 75ಕ್ಕ ನಿಲ್ಲತೈತಿ. ಅದರ ಮ್ಯಾಲ ಒಣ ಚೂರು ತೂಗ ಹಾಕಿ, ದಿನಾ ತೂಕ ನೋಡೂದು.

ಎಳಿ ಉದ್ದಕ್ಕ ನಿಂತಿರತಾವ, ಅದಕ್ಕ ಬಾಗಲಾ ಉಬ್ಬೂದು ಅಡ್ಡಕ್ಕ. ಈ ವರ್ಷ ದೀಪಾವಳಿ ದಾಟೂ ತನಕ ರಂಧಾ ಮುಟ್ಟಸೂದಿಲ್ಲ. ಆಮ್ಯಾಲ ಹಲಗಿಯ ಮ್ಯಾಲಿನ ಅಂಚಿಗೂ ಕೆಳಗಿನ ಅಂಚಿಗೂ ಬಣ್ಣಾ ಹಚ್ಚಸ್ತೀನಿ. ಕೊಳವಿ ಬಾಯಿ ತೆರದಿರೂದು ಅಲ್ಲೇ, ನಾವು ಬಣ್ಣಾ ಬಿಡೂದೂ ಅಲ್ಲೇ.