ಸೊರಗಿದ ಕೈಗೆ ಹೆಸರಿಡುವುದು

ನಮ್ಮ ಟಿ. ದಾಸರಹಳ್ಳಿ ಕಡೆ ಪೀಣ್ಯದ ಕಾರ್ಖಾನೆಗಳಿಗೆ ಹೋಗೋರು ಜಾಸ್ತಿ. ಅಂಗಿ ಗುಂಡಿ ಹಾಕೋಕೆ ಬೆರಳು ಕೇಳ್ತಿಲ್ಲ ಅಂದ್ರೆ ಮೊದಲು ಮೆಷಿನ್ ಕೆಲಸವನ್ನ ಬೈತೀವಿ, ಆಮೇಲೆ ಕತ್ತಿನ ಮೂಳೆಯನ್ನ. ಮೂಳೆ ಡಾಕ್ಟರು, ಫಿಸಿಯೋಥೆರಪಿ, ವಿಟಮಿನ್ ಇಂಜೆಕ್ಷನ್ ಎಲ್ಲ ಮುಗಿಸಿ ನರರೋಗ ತಜ್ಞರ ಹತ್ತಿರ ಹೋಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಮುಖ್ಯವಾದ ಎಎಲ್‌ಎಸ್‌ಗೆ ಹೆಸರು ಸಿಗೋಕೆ ಮುಂದುವರಿದ ದೇಶಗಳಲ್ಲೂ ಸುಮಾರು ಒಂದು ವರ್ಷ ಬೇಕು.

ಪ್ಯಾರಿಸ್‌ನ ಶಾರ್ಕೋ 1869ರಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದು, ರೋಗಿಯ ಲಕ್ಷಣಗಳನ್ನು ಬರೆದಿಟ್ಟುಕೊಂಡು, ಸತ್ತ ಮೇಲೆ ಬೆನ್ನುಹುರಿ ನೋಡಿ. ಇವತ್ತಿಗೂ ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ಮಾಡಿಸುವುದೇ ಬೇರೆ ಕಾಯಿಲೆ ಅಲ್ಲ ಅಂತ ತಿಳಿಯೋಕೆ. ಜೊತೆಗೆ ಇಎಂಜಿ, ಮತ್ತೆ ಕಾಯುವುದು: ನಿಶ್ಶಕ್ತಿ ಹರಡುತ್ತಾ?

ಯಾಕೆ ಕಾಯಬೇಕು ಅನ್ನೋದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ. 1984ರಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿ ದೇವಿ ಮತ್ತು ಸಂಗಡಿಗರು 23 ರೋಗಿಗಳ ಬಗ್ಗೆ ಬರೆದರು. ಒಂದೇ ಕೈ ಅಥವಾ ಒಂದೇ ಕಾಲು ಸೊರಗಿದವರು, ಹೆಚ್ಚಿನವರು ಹುಡುಗರು. ಕೆಲವು ವರ್ಷ ಏರಿ, ಕಾಯಿಲೆ ತಾನಾಗಿ ನಿಂತುಬಿಡುತ್ತದೆ. ಅದಕ್ಕೆ ಅವರಿಟ್ಟ ಹೆಸರು ಮೊನೊಮೆಲಿಕ್ ಅಮಯೋಟ್ರೋಫಿ. ಕೈಯಲ್ಲಿ ಬರುವ ಇಂಥದ್ದನ್ನೇ ಜಪಾನಿನ ಹಿರಾಯಾಮ 1959ರಲ್ಲೇ ವಿವರಿಸಿದ್ದರು. ಅಂದರೆ ಸೊರಗಿದ ಅದೇ ಕೈಗೆ ಎರಡು ಭವಿಷ್ಯ. ಇಪ್ಪತ್ತರ ಹುಡುಗನಿಗೆ "ಆರು ತಿಂಗಳು ಬಿಟ್ಟು ಬಾಪ್ಪಾ" ಅನ್ನೋ ಡಾಕ್ಟರನ್ನ ಬೈಯೋಕೆ ನನಗೆ ಮನಸ್ಸಾಗಲ್ಲ.

ನನ್ನ ತಕರಾರು ಅದಕ್ಕೂ ಮುಂಚಿನ ತಿಂಗಳುಗಳ ಬಗ್ಗೆ. ಎಎಲ್‌ಎಸ್ ಆದವರಲ್ಲಿ ಹೆಚ್ಚಿನವರು ಬದುಕೋದು ಎರಡರಿಂದ ಐದು ವರ್ಷ. ಅದರಲ್ಲಿ ಒಂದು ವರ್ಷ ತಪ್ಪು ಕ್ಯೂನಲ್ಲೇ ಕಳೆದರೆ? ಕೆಲವರಿಗೆ ಬೇಡದ ಕತ್ತಿನ ಆಪರೇಷನ್ನೂ ಆಗಿರುತ್ತದೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಲುಜೋಲ್ ಕೊಡೋದು ಕೆಲವೇ ತಿಂಗಳು, ನಿಜ. ಆದರೆ ಉಸಿರಿನ ಮೆಷಿನ್ ಯಾವಾಗ ಬೇಕು, ಕೆಲಸ ಯಾವಾಗ ಬಿಡಬೇಕು, ಮನೆ ಸಾಲ ಏನು ಮಾಡೋದು, ಇದೆಲ್ಲ ಕೂತು ಮಾತಾಡೋಕೆ ಮೊದಲು ಕಾಯಿಲೆಯ ಹೆಸರು ಬೇಕು.

ಕಣ್ಣುರೆಪ್ಪೆ ಅದುರಿದ ತಕ್ಷಣ ಗೂಗಲ್ ಮಾಡೋ ಐಟಿ ಗೆಳೆಯರೇ, ಬರೀ ಅದುರುವಿಕೆ ಬಹುಪಾಲು ಏನೂ ಅಲ್ಲ. ಜೋಮು, ನೋವು ಇಲ್ಲದೆ ಬಲ ಮಾತ್ರ ಕಮ್ಮಿಯಾಗುತ್ತಾ, ಸ್ನಾಯು ಕರಗುತ್ತಾ ಹೋದರೆ ಮಾತ್ರ, ಮೂಳೆ ಡಾಕ್ಟರ ಹತ್ತಿರ ನರರೋಗ ತಜ್ಞರಿಗೆ ಒಂದು ಚೀಟಿ ಬರೆಸಿಕೊಳ್ಳಿ.