ಸ್ವಾನುಕಂಪ ಮತ್ತು ಶರೀರ

ಎದೆ ಝಲ್ಲೆಂದಿತು, ಕೈಕಾಲು ತಣ್ಣಗಾದವು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತುಗಳನ್ನು ಶರೀರಶಾಸ್ತ್ರವೂ ಒಪ್ಪುತ್ತದೆ. ಮನಸ್ಸಿಗೆ ಆಘಾತವಾದೊಡನೆ ಮಿದುಳಿನ ಹೈಪೊಥಲಾಮಸ್ ಎಚ್ಚರಿಕೆ ನೀಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಬಳಿಕ ಕಾರ್ಟಿಸಾಲ್ ಸ್ರವಿಸುತ್ತವೆ. ನಾಡಿಬಡಿತ ಏರುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ, ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ. ಕೈ ತಣ್ಣಗಾಗುವುದು ಇದರಿಂದಲೇ. ಹ್ಯಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನವು ಒತ್ತಡದ ಅಧ್ಯಯನದಲ್ಲಿ ಮೈಲಿಗಲ್ಲೆನಿಸಿದೆ.

ಎದೆಯೊಡೆಯುವುದೆಂಬ ಮಾತಿಗೂ ವೈದ್ಯಕೀಯ ಆಧಾರವುಂಟು. 1990ರಲ್ಲಿ ಜಪಾನಿನ ವೈದ್ಯರು ಹೆಸರಿಸಿದ 'ಟಾಕೊಟ್ಸುಬೊ' ಸ್ಥಿತಿಯಲ್ಲಿ, ಆಪ್ತರ ಮರಣದಂತಹ ಆಘಾತದ ಬೆನ್ನಿಗೇ ಹೃದಯದ ಎಡ ಹೃತ್ಕುಕ್ಷಿಯ ತುದಿ ಉಬ್ಬಿ ದುರ್ಬಲವಾಗುತ್ತದೆ. ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಕಾಣುವುದರಿಂದ ಆ ಹೆಸರು. ಋತುಬಂಧದ ಅನಂತರ ಮಹಿಳೆಯರಲ್ಲಿ ಇದು ಹೆಚ್ಚು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಲಕ್ಷಣಗಳು ಹೃದಯಾಘಾತದವೇ ಆಗಿರುವುದರಿಂದ, ದುಃಖದ ನೋವೆಂದು ಭಾವಿಸಿ ಮನೆಯಲ್ಲಿ ಕುಳಿತಿರಬಾರದು.

ಆಘಾತವು ಹೊರಗಿನಿಂದಲೇ ಬರಬೇಕೆಂದಿಲ್ಲ. 'ಅಮ್ಮನ ಕೊನೆಗಾಲದಲ್ಲಿ ನಾನು ಊರಿನಲ್ಲಿರಲಿಲ್ಲ' ಎಂದು ವರ್ಷಗಟ್ಟಲೆ ತನ್ನನ್ನೇ ಹಳಿದುಕೊಳ್ಳುವವರ ದೇಹದಲ್ಲಿಯೂ ಇದೇ ವ್ಯವಸ್ಥೆ ಮರಳಿ ಮರಳಿ ಜಾಗೃತವಾಗಬಲ್ಲದು. ಹೊರನಾಡಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಈ ಕೊರಗು ಅಪರೂಪವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಾನುಕಂಪವನ್ನು ವ್ಯಾಖ್ಯಾನಿಸಿ, ಅದನ್ನಳೆಯಲು 26 ಹೇಳಿಕೆಗಳ ಮಾಪಕವನ್ನೂ ರೂಪಿಸಿದರು. ಸೋತ ಗೆಳತಿಗೆ ಆಡುವ ಮೆಲುನುಡಿಯನ್ನು ತನಗೂ ಆಡಿಕೊಳ್ಳುವುದು, ತಪ್ಪು ಎಲ್ಲ ಮನುಷ್ಯರಿಗೂ ಸಹಜವೆಂದು ಅರಿಯುವುದು, ನೋವನ್ನು ಅಡಗಿಸದೆ ಹಿಗ್ಗಿಸದೆ ಗಮನಿಸುವುದು ಇದರ ಮೂರು ಅಂಗಗಳು. ಆತ್ಮಮರುಕಕ್ಕೂ ಇದಕ್ಕೂ ಅಂತರವಿರುವುದು ಎರಡನೆಯ ಅಂಗದಲ್ಲಿ: ಆತ್ಮಮರುಕದಲ್ಲಿ 'ನನಗೊಬ್ಬಳಿಗೇ ಹೀಗೆ' ಎಂಬ ಭಾವ ಪ್ರಧಾನ.

ಮೂರನೆಯ ಅಂಗವಾದ ಸಾವಧಾನತೆಯ ಮೂಲ ಪಾಲಿ ಭಾಷೆಯ 'ಸತಿ', ಅಂದರೆ ನಮ್ಮ 'ಸ್ಮೃತಿ'. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಇದನ್ನು ಅಳವಡಿಸಿದರು. ಅದೇ ಮುಂದೆ 8 ವಾರಗಳ ಪ್ರಸಿದ್ಧ ಕ್ರಮವಾಯಿತು. ಆತಂಕ, ಖಿನ್ನತೆಗಳ ಶಮನಕ್ಕೆ ಇಂತಹ ಕ್ರಮಗಳು ಸಾಧಾರಣ ಮಟ್ಟಿಗೆ ನೆರವಾಗುವುದು ಕಂಡುಬಂದಿದೆ, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಕಣ್ಣುಮುಚ್ಚಿ ಕುಳಿತಾಗ ಕೆಲವರಿಗೆ ಹಳೆಯ ನೋವು ಇನ್ನಷ್ಟು ಕೆರಳುವುದೂ ಉಂಟು. ಅಂಥವರು ವೈದ್ಯರ ಸಲಹೆ ಪಡೆಯುವುದು ಲೇಸು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ದೂರವಾಣಿ ಸೇವೆ (14416) ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.