ಬಣ್ಣ ಯಾವುದಕ್ಕೆ ಸಾಕ್ಷಿ? ಆಹಾರದ ಸೂಚಕ ಪರೀಕ್ಷೆಗಳ ಕುರಿತು ಒಂದು ಟಿಪ್ಪಣಿ

ಶಾಲೆಯ ಪ್ರಯೋಗಶಾಲೆಯಲ್ಲಿ ಆಹಾರ ಪರೀಕ್ಷೆಯೆಂದರೆ ಕೆಲವೇ ಬಣ್ಣಗಳ ಲೆಕ್ಕ. ಅಯೋಡಿನ್ ತಾಗಿ ಕಡುನೀಲಿಯಾದರೆ ಪಿಷ್ಟ. ಮೈಲುತುತ್ತದ ದ್ರಾವಣ ಮತ್ತು ಕಾಸ್ಟಿಕ್ ಸೋಡಾ ಸೇರಿ ನೇರಳೆಯಾದರೆ ಪ್ರೋಟೀನ್. ಬೆನೆಡಿಕ್ಟ್ ದ್ರಾವಣದೊಂದಿಗೆ ಕಾಯಿಸಿದಾಗ ಇಟ್ಟಿಗೆಗೆಂಪು ಬಂದರೆ ಸಕ್ಕರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ರಾಸಾಯನಿಕಗಳಿಗೆ ಪೋಷಕಾಂಶ ಯಾವುದೆಂಬುದು ಗೊತ್ತಿಲ್ಲ. ಅವು ಗುರುತಿಸುವುದು ಅಣುವಿನೊಳಗಿನ ಒಂದು ನಿರ್ದಿಷ್ಟ ರಚನೆಯನ್ನು ಮಾತ್ರ. ಈ ವ್ಯತ್ಯಾಸವನ್ನು ಪಾಠದಲ್ಲಿ ಬಿಟ್ಟರೆ ಮಕ್ಕಳು ಸರಿಯಾದ ಬಣ್ಣದಿಂದಲೂ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅಡುಗೆಮನೆಯ ಪದಾರ್ಥಗಳಿಂದಲೇ ಇದನ್ನು ತೋರಿಸಬಹುದು.

ಬರ್ನಾರ್ ಕೂರ್ತ್ವಾ 1811ರಲ್ಲಿ ಕಡಲಕಳೆಯ ಬೂದಿಯಿಂದ ಅಯೋಡಿನ್ ಪಡೆದ. ಮೂರೇ ವರ್ಷಗಳಲ್ಲಿ, 1814ರಲ್ಲಿ, ಪಿಷ್ಟದೊಂದಿಗೆ ಅದು ನೀಲಿಯಾಗುವುದನ್ನು ಫ್ರಾನ್ಸಿನ ರಸಾಯನವಿಜ್ಞಾನಿಗಳು ವರದಿ ಮಾಡಿದರು. ಪಿಷ್ಟದಲ್ಲಿ ಎರಡು ಭಾಗಗಳಿವೆ: ಕವಲಿಲ್ಲದ ಉದ್ದ ಸರಪಳಿಯ ಅಮೈಲೋಸ್ ಮತ್ತು ಕವಲು ಕವಲಾಗಿ ಹರಡಿದ ಅಮೈಲೋಪೆಕ್ಟಿನ್. ಅಮೈಲೋಸ್ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ, ಪ್ರತಿ ಸುತ್ತಿಗೆ ಸುಮಾರು ಆರು ಗ್ಲೂಕೋಸ್ ಘಟಕಗಳು. ಆ ಸುರುಳಿಯ ಟೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕೂತಾಗ ಹುಟ್ಟುವುದೇ ಕಡುನೀಲಿ. ಅನ್ನ ಬಸಿದ ಗಂಜಿ ತಿಳಿ ತಣ್ಣಗಾದ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರೆ ಕ್ಷಣದಲ್ಲಿ ನೀಲಿಯಾಗುತ್ತದೆ. ಅದೇ ಪ್ರನಾಳವನ್ನು ಬಿಸಿನೀರಿನಲ್ಲಿ ಇಟ್ಟರೆ ಬಣ್ಣ ತೆಳುವಾಗುತ್ತಾ ಹೋಗಿ ಮಾಯವಾಗುತ್ತದೆ. ಹೊರತೆಗೆದು ಆರಲು ಬಿಟ್ಟರೆ ಮತ್ತೆ ಬರುತ್ತದೆ. ಪಿಷ್ಟ ಎಲ್ಲಿಗೂ ಹೋಗಿರುವುದಿಲ್ಲ. ಶಾಖಕ್ಕೆ ಸುರುಳಿಯ ಹಿಡಿತ ಸಡಿಲವಾಗಿ ಅಯೋಡಿನ್ ಹೊರಬಂದಿರುತ್ತದೆ, ಅಷ್ಟೆ. ಕುದಿಯುವ ಸಾರಿನ ಮೇಲೆ ಈ ಪರೀಕ್ಷೆ ಮಾಡಬಾರದೆನ್ನುವುದು ಇದಕ್ಕೇ.

ಅಸ್ಸಾಮಿನ ಬೋರಾ ಅಕ್ಕಿ ಇನ್ನೂ ಒಳ್ಳೆಯ ಉದಾಹರಣೆ. ಈ ಅಂಟು ಅಕ್ಕಿಯಲ್ಲಿ ಅಮೈಲೋಸ್ ತೀರಾ ಕಡಿಮೆ, ಪಿಷ್ಟವೆಲ್ಲ ಹೆಚ್ಚುಕಡಿಮೆ ಅಮೈಲೋಪೆಕ್ಟಿನ್. ಅದಕ್ಕೆ ಅಯೋಡಿನ್ ಹಾಕಿದರೆ ನೀಲಿಯ ಬದಲು ಕೆಂಪು ಮಿಶ್ರಿತ ಕಂದು ಬರುತ್ತದೆ. ನೀಲಿಯನ್ನೇ ಹುಡುಕುವ ವಿದ್ಯಾರ್ಥಿ ಅಕ್ಕಿಯಲ್ಲಿ ಪಿಷ್ಟವಿಲ್ಲ ಎಂದು ಬರೆದುಬಿಡುತ್ತಾನೆ!

ನೀಲಿಯಾದ ಗಂಜಿ ತಿಳಿಗೆ ನೆಲ್ಲಿಕಾಯಿ ರಸ ಹನಿಸಿದರೂ ಬಣ್ಣ ಹೋಗುತ್ತದೆ, ಆದರೆ ಕಾರಣ ಬೇರೆ. ರಸದಲ್ಲಿರುವ ವಿಟಮಿನ್ ಸಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಆಗಿ ಮಾರ್ಪಡಿಸುತ್ತದೆ. ನೀಲಿ ಅಳಿಸಲು ಎಷ್ಟು ಹನಿ ರಸ ಬೇಕೆಂದು ಎಣಿಸಿ ವಿಟಮಿನ್ ಸಿ ಪ್ರಮಾಣವನ್ನು ಅಂದಾಜು ಮಾಡುವ ಪ್ರಯೋಗ ಇದರ ಮೇಲೆಯೇ ನಿಂತಿದೆ. ಇಲ್ಲಿಯೂ ಎಚ್ಚರ ಬೇಕು. ನೆಲ್ಲಿಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳೂ ಅಯೋಡಿನ್ನನ್ನು ಕಬಳಿಸಬಲ್ಲವು. ಹಾಗಾದಾಗ ಲೆಕ್ಕ ವಾಸ್ತವಕ್ಕಿಂತ ಹೆಚ್ಚು ತೋರುತ್ತದೆ.

ಬೆನೆಡಿಕ್ಟ್ ಪರೀಕ್ಷೆಯನ್ನು ಬೆಲ್ಲ ಮತ್ತು ಬಿಳಿ ಸಕ್ಕರೆಯ ಮೇಲೆ ಅಕ್ಕಪಕ್ಕದಲ್ಲಿ ಮಾಡಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ. ಬೆಲ್ಲದ ನೀರು ಹಸಿರು, ಹಳದಿ ದಾಟಿ ಕೆಂಪಿಗೆ ತಿರುಗುತ್ತದೆ. ಸಕ್ಕರೆಯ ನೀರು ನೀಲಿಯಾಗಿಯೇ ಉಳಿಯುತ್ತದೆ. ಸಕ್ಕರೆಯಲ್ಲಿ ಸಕ್ಕರೆ ಇಲ್ಲವೇ? ಸೂಚಕ ಕೇಳುವ ಪ್ರಶ್ನೆಯೇ ಅದಲ್ಲ. ದ್ರಾವಣದ ತಾಮ್ರವನ್ನು ಅಪಕರ್ಷಿಸಬಲ್ಲ ತುದಿ ಅಣುವಿನಲ್ಲಿದೆಯೇ ಎಂದಷ್ಟೇ ಅದು ನೋಡುತ್ತದೆ. ಸುಕ್ರೋಸ್‌ನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಮ್ಮ ಆ ತುದಿಗಳಿಂದಲೇ ಒಂದಕ್ಕೊಂದು ಬೆಸೆದುಕೊಂಡಿವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುವಾಗ ಸ್ವಲ್ಪ ಸುಕ್ರೋಸ್ ಒಡೆದು ಆ ತುದಿಗಳು ಬಿಡುಗಡೆಯಾಗುತ್ತವೆ. ಬೆಲ್ಲದ ಕೆಂಪು ಬಂದದ್ದು ಅಲ್ಲಿಂದ. ಸಕ್ಕರೆಯ ನೀರಿಗೂ ದುರ್ಬಲ ಆಮ್ಲ ಹಾಕಿ ಕುದಿಸಿ, ಅಡುಗೆ ಸೋಡಾದಿಂದ ಆಮ್ಲವನ್ನು ತಟಸ್ಥಗೊಳಿಸಿ ಮತ್ತೆ ಪರೀಕ್ಷಿಸಿದರೆ ಕೆಂಪು ಬರುತ್ತದೆ.

ಪ್ರೋಟೀನ್ ವಿಷಯ ಇದಕ್ಕಿಂತ ಗಂಭೀರ. ನಮ್ಮ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ, ಕ್ಷಾರದಲ್ಲಿ ಪೆಪ್ಟೈಡ್ ಬಂಧಗಳಿಗೆ ಅಂಟಿಕೊಂಡು ನೇರಳೆಯಾಗುತ್ತದೆ. ಮೈಲುತುತ್ತ ಒಂದೆರಡು ಹನಿ ಸಾಕು. ಹೆಚ್ಚಾದರೆ ಅದರದೇ ನೀಲಿ ನೇರಳೆಯನ್ನು ಮುಚ್ಚಿಬಿಡುತ್ತದೆ. ಬಿಡಿ ಅಮೈನೋ ಆಮ್ಲಗಳಲ್ಲಿ ಈ ಬಂಧವಿಲ್ಲದ ಕಾರಣ ಅವು ನೇರಳೆ ಕೊಡುವುದಿಲ್ಲ. ಕೈಗಾರಿಕೆಯಲ್ಲಿ ಬಹುಕಾಲ ನೆಚ್ಚಿಕೊಂಡ ಕೆಲ್ಡಾಲ್ ವಿಧಾನ (1883) ಬೇರೆ ದಾರಿ ಹಿಡಿಯುತ್ತದೆ: ಆಹಾರದ ಒಟ್ಟು ಸಾರಜನಕ ಅಳೆದು ಅದನ್ನು 6.25ರಿಂದ ಗುಣಿಸುತ್ತದೆ. ಸಾರಜನಕ ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದ್ದು ಈ ಕುರುಡುತನವನ್ನು ಬಳಸಿಕೊಂಡೇ. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾರಜನಕವೇ ಆದ ಮೆಲಮೈನ್ ಹಾಲಿನ ಪ್ರೋಟೀನ್ ಅಂಕಿಯನ್ನು ಏರಿಸಿತು. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆರು ಶಿಶುಗಳು ತೀರಿಕೊಂಡವು. ಮೆಲಮೈನ್‌ನಲ್ಲಿ ಪೆಪ್ಟೈಡ್ ಬಂಧವಿಲ್ಲ, ಆದ್ದರಿಂದ ಅದು ನೇರಳೆ ಬಣ್ಣ ಕೊಡದು. ಶಾಲಾ ಮಟ್ಟದ್ದೆಂದು ನಾವು ಹಗುರವಾಗಿ ಕಾಣುವ ಪರೀಕ್ಷೆ ಈ ಒಂದು ಪ್ರಶ್ನೆಯ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು.

ಕೊಬ್ಬಿಗೆ ಕಾಗದದ ಪರೀಕ್ಷೆ ಸಾಕು. ಕಡಲೆಕಾಯಿ ಬೀಜವನ್ನು ಕಾಗದದ ಮೇಲೆ ಉಜ್ಜಿ, ಒಣಗಿದ ನಂತರವೂ ಬೆಳಕು ಹಾಯುವ ಕಲೆ ಉಳಿಯಿತೇ ನೋಡಬೇಕು. ನೀರಿನ ಕಲೆಯಾದರೆ ಒಣಗಿ ಹೋಗುತ್ತದೆ.

ರಾಗಿ ಹಿಟ್ಟಿಗೆ ಅಯೋಡಿನ್ ಹಾಕಿದರೆ ಪಿಷ್ಟ ಕಾಣುತ್ತದೆ, 100 ಗ್ರಾಮಿಗೆ 340 ಮಿಲಿಗ್ರಾಮಿನಷ್ಟಿರುವ ಕ್ಯಾಲ್ಸಿಯಂ ಕಾಣುವುದಿಲ್ಲ. ಹೀಗಾಗಿ ಪ್ರಯೋಗ ಪುಸ್ತಕದಲ್ಲಿ ‘ಪೋಷಕಾಂಶ ಇದೆ/ಇಲ್ಲ’ ಎಂಬ ಕಲಂ ತೆಗೆದು, ‘ಸೂಚಕ ಹುಡುಕಿದ ರಚನೆ’, ‘ಕಂಡ ಬಣ್ಣ’, ‘ಬಣ್ಣ ಬಾರದಿರಲು ಇರಬಹುದಾದ ಬೇರೆ ಕಾರಣ’ ಎಂದು ಮೂರು ಕಲಂ ಇಡುವುದು ಒಳ್ಳೆಯದು. ಬರೀ ನೀರಿನ ಒಂದು ಪ್ರನಾಳ ಮತ್ತು ಬೆಲ್ಲ-ಸಕ್ಕರೆಯ ಜೋಡಿ ಪ್ರನಾಳಗಳು ಪ್ರತಿ ತಂಡದ ಮುಂದೆಯೂ ಇರಬೇಕು.